ವನಜತ್ತೆ ಹೊಳೆ ದಾಟಿದ ವರ್ಷ

ಬ್ರಹ್ಮಾವರದ ಪೇಟೆಗೆ ತಾಗಿಕೊಂಡು, ಊರವರು ನಾಲ್ಕು ಜನ ಸೇರಿ, ಒಂದು ಹಂಚಿನ ಮನೆಯನ್ನು ಬಾಡಿಗೆಗೆ ಹಿಡಿದು ಕಾಲೇಜು ತೆರೆದಿದ್ದರು. ಸ್ವಾತಂತ್ರ್ಯ ಬಂದ ಮರುವರ್ಷದ ಮಾತು. ಇಂಟರ್‌ಮೀಡಿಯೆಟ್ ಒಂದೇ ತರಗತಿ, ಬೆರಳೆಣಿಕೆಯ ಬೆಂಚುಗಳು, ಮಳೆ ಜೋರಾದರೆ ಪಾಠ ನಿಲ್ಲಿಸಿ ಸೋರುವ ಕಡೆಯಿಂದ ಬೆಂಚು ಸರಿಸಬೇಕು. ಆ ಕಾಲೇಜು ಬಹಳ ವರ್ಷ ಬಾಳಲಿಲ್ಲ. ಆದರೂ ತುಂಗಾಗೆ ಈ ಇಳಿವಯಸ್ಸಿನಲ್ಲೂ ಹಸಿ ಸುಣ್ಣದ ವಾಸನೆ ಬಂದರೆ ಅದರ ಜಗಲಿಯೇ ಕಣ್ಣಿಗೆ ಕಟ್ಟುತ್ತದೆ, ಜಗಲಿಯ ಜೊತೆಗೆ ವನಜತ್ತೆಯೂ.

ತುಂಗಾಳ ಮನೆ ಸಾಲಿಗ್ರಾಮದ ಹತ್ತಿರ. ತಂದೆ ವಿಷ್ಣುಮೂರ್ತಿ ಐತಾಳರು ದೇವಸ್ಥಾನದ ಪರಿಚಾರಕ ಕೆಲಸ ಮುಗಿಸಿ ಗದ್ದೆಗೆ ಇಳಿಯುವವರು. ಆ ಮನೆಯಲ್ಲಿ ಗಂಡಸರೇ ಕಾಲೇಜಿನ ಮೆಟ್ಟಿಲು ಕಂಡಿರಲಿಲ್ಲ. ತುಂಗಾ ಕುಂದಾಪುರದಲ್ಲಿ ಅಜ್ಜನ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಮುಗಿಸಿ ಬಂದಿದ್ದಳು. ಮುಂದೆಯೂ ಓದುತ್ತೇನೆ ಎಂದಾಗ ಐತಾಳರು ಬೈಯಲಿಲ್ಲ, ಎಲೆಯಡಿಕೆ ಜಗಿಯುತ್ತಾ ಕುಳಿತರು.

"ಓದುದ್ ಅಡ್ಡಿಲ್ಲೆ. ಆರೆ ಹೊಳಿ ದಾಟಿ ದಿನಾ ಒಬ್ಳೇ ಹೋಪ್ದ್ ಹ್ಯಾಂಗೆ? ಒಟ್ಟಿಗೆ ಹೋಪುಕೆ ಯಾರಿದ್ರ್?"

ಅಡುಗೆಮನೆಯ ಬಾಗಿಲ ಮರೆಯಿಂದ ಉತ್ತರ ಬಂತು: "ನಾನ್ ಹೋತೆ."

ಹೇಳಿದವಳು ಐತಾಳರ ಅಕ್ಕ ವನಜತ್ತೆ. ಗಂಡನ ಮುಖ ಸರಿಯಾಗಿ ಗುರುತು ಹಿಡಿಯುವ ಮೊದಲೇ ವಿಧವೆಯಾಗಿ ತವರಿಗೆ ಮರಳಿದವಳು. ಅಂದಿನಿಂದ ಬೋಳುತಲೆಯ ಮೇಲೆ ಕೆಂಪು ಸೀರೆಯ ಸೆರಗು, ಕೈತುಂಬ ಮನೆಗೆಲಸ. ಮಾಬುಕಳದ ಹೊಳೆಯ ಆಚೆ ಏನಿದೆಯೆಂದು ಅವಳು ಯಾರನ್ನೂ ಕೇಳಿದವಳಲ್ಲ, ಅವಳಿಗೆ ಯಾರೂ ಹೇಳಿದ್ದೂ ಇಲ್ಲ. ಐತಾಳರು ಅಕ್ಕನ ಮಾತಿಗೆ ಎದುರಾಡಿದವರಲ್ಲ. ಹಾಗೆ ತುಂಗಾಳ ಕಾಲೇಜು ಶುರುವಾಯಿತು.

ಬೆಳಕು ಹರಿಯುವಾಗಲೇ ಅತ್ತೆ ಮಿಂದು, ಅವಲಕ್ಕಿಯ ಗಂಟು ಕಟ್ಟಿ ತಯಾರು. ಬಸ್ಸು ಹೊಳೆಯ ದಡದವರೆಗೆ ಮಾತ್ರ, ಸೇತುವೆ ಇರಲಿಲ್ಲ. ಕಡವಿನಲ್ಲಿ ದೋಣಿ ನಡೆಸುವ ಮುತ್ತ ದೂರದಿಂದಲೇ "ಹ್ವಾಯ್, ಬೇಗ ಬನ್ನಿ" ಎಂದು ಕೂಗುತ್ತಿದ್ದ. ಆಚೆ ದಡದಲ್ಲಿ ಇನ್ನೊಂದು ಬಸ್ಸು. ಅತ್ತೆ ಕಿಟಕಿಯ ಪಕ್ಕವನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಕಾಲೇಜಿನಲ್ಲಿ ತರಗತಿಯ ಬಾಗಿಲ ಪಕ್ಕ ಜಗಲಿಯಲ್ಲಿ ಕುಳಿತು, ಮಡಿಲಲ್ಲಿ ಹತ್ತಿಯಿಟ್ಟುಕೊಂಡು ದೇವರಿಗೆ ಬತ್ತಿ ಹೊಸೆಯುತ್ತಾ ಸಂಜೆ ಮಾಡುವಳು.

ಒಳಗೆ ತುಂಗಾಳ ಪಾಡು ಬೇರೆ. ಇಂಗ್ಲಿಷ್ ಪಾಠದ ಭೋಜರಾಜ ಮಾಸ್ತರರು ಕಾರ್ಕಳದ ಕಡೆಯವರು, ಮದರಾಸಿನಲ್ಲಿ ಓದಿ ಬಂದವರು. ಅವರ ಮಾತು ಹಂಚಿನ ಮೇಲೆ ಬಿದ್ದ ಮಳೆಯಂತೆ ಸುರಿದು ಹೋಗುತ್ತಿತ್ತು, ಒಂದು ಹನಿಯೂ ಕೈಗೆ ಸಿಗುತ್ತಿರಲಿಲ್ಲ. ಮೊದಲ ವಾರವೇ ದೋಣಿಯಲ್ಲಿ ತುಂಗಾ ಅತ್ತುಬಿಟ್ಟಳು.

"ಅತ್ತೆ, ನಂಗೆ ಎಂತದೂ ತಿಳೀತಿಲ್ಲೆ. ನಾಳೆಯಿಂದ ಬಪ್ದ್ ಬ್ಯಾಡ."

"ನಂಗೂ ತಿಳೀಲಿಲ್ಲೆ," ಎಂದಳು ಅತ್ತೆ. "ಜಗ್ಲಿ ಮೇಲೆ ಕೂಕಂಡ್ ಇಡೀ ದಿನ ಕೇಂಡೆ. ಆರೆ ಆ ಮಾಸ್ಟ್ರ ಸ್ವರ ಲಾಯ್ಕಿತ್. ಕೇಂತಾ ಕೇಂತಾ ತಿಳಿತ್ತೇನೊ, ಕಾಂಬ."

ಅಳುತ್ತಿದ್ದ ತುಂಗಾಗೆ ನಗು ಬಂತು. ಬರುವುದು ನಿಲ್ಲಲಿಲ್ಲ.

ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಮೊದಲ ಪರೀಕ್ಷೆ ಬಂತು. ಆ ಬೆಳಿಗ್ಗೆ ಹುಡುಗರು ಅಂಗಳದಲ್ಲೇ ನಿಂತಿದ್ದರು, ಒಬ್ಬರೂ ಒಳಗೆ ಹೋಗಲಿಲ್ಲ. ಕೊನೆಗೆ ಅದೇ ದೋಣಿಯಲ್ಲಿ ಹೊಳೆ ದಾಟಿ ಬರುವ ಸಾಸ್ತಾನದ ದಿನಕರ ಎಂಬವನು ತುಂಗಾಳ ಬಳಿ ಬಂದು, ನೆಲ ನೋಡುತ್ತಾ ಹೇಳಿದ: "ಪರೀಕ್ಷೆ ದಿನ ಬಾಗ್ಲಲ್ಲೇ ನಿಮ್ಮ ಅತ್ತೆ ಕೂಕಂಡ್ರೆ... ಶಕುನ ಅಂಬ್ರಲೆ. ಇವತ್ ಒಂದಿನ ಹಿಂದೆ ಕೂಕಣ್ಲಕ್ಕಾ?"

ಮೆಲ್ಲಗೆ ಹೇಳಿದರೂ ಅತ್ತೆಗೆ ಕೇಳಿಸಿತ್ತು. ಅವಳು ಹತ್ತಿಯನ್ನು ಸೆರಗಿಗೆ ಸುತ್ತಿಕೊಂಡು ಎದ್ದು, ಹಿತ್ತಿಲ ಹಲಸಿನ ಮರದ ಬುಡಕ್ಕೆ ಹೋಗಿ ಕುಳಿತಳು. ಮುಖದಲ್ಲಿ ಬೇಸರದ ಗುರುತೂ ಇರಲಿಲ್ಲ. ಇಂಥ ಮಾತಿಗೆ ಏಳುವುದು ಅವಳಿಗೆ ಅಭ್ಯಾಸವಾಗಿತ್ತು. ತುಂಗಾಗೆ ಸಿಟ್ಟು ಬಂದದ್ದು ಅದನ್ನು ಕಂಡೇ.

ಪ್ರಶ್ನೆಪತ್ರಿಕೆ ಕೈಗೆ ಬಂದದ್ದೇ ತುಂಗಾ ಎದ್ದು ಬಾಗಿಲ ಕಡೆ ನಡೆದಳು.

"ಎಲ್ಲಿಗೆ?" ಎಂದರು ಭೋಜರಾಜ ಮಾಸ್ತರರು.

"ಹಲಸಿನ ಮರದ ಹತ್ತಿರ ಸರ್. ಅತ್ತೆ ಇರುವಲ್ಲಿ ಕುಳಿತು ಬರೆಯುತ್ತೇನೆ."

ಮಾಸ್ತರರು ಕಿಟಕಿಯಿಂದ ಹೊರಗೆ ನೋಡಿದರು, ಹುಡುಗರನ್ನು ನೋಡಿದರು. ತಮ್ಮ ಮೇಜಿನ ಮೇಲಿದ್ದ ದಪ್ಪ ಪುಸ್ತಕವನ್ನು ಎತ್ತಿ ಅವಳ ಕೈಗೆ ಕೊಟ್ಟರು. "ಇದನ್ನು ಕಾಗದದ ಅಡಿಗೆ ಇಟ್ಟುಕೊ. ನೆಲ ಒದ್ದೆ ಇದೆ."

ಮರದಡಿಯಲ್ಲಿ ಅತ್ತೆ ಅವಳನ್ನು ಕಂಡು ಗಾಬರಿಯಾದಳು. "ಎಂತಕೆ ಬಂದೆ? ಒಳ್ಗೆ ಹೋಗ್ ಮಗಾ."

"ನೀವ್ ಬತ್ತಿ ಹೊಸೀನಿ. ನಾನ್ ಬರೀತೆ."

ತುಂಗಾ ಬರೆಯುವಷ್ಟು ಹೊತ್ತೂ ಅತ್ತೆ ಹಾಳೆಯ ಮೇಲೆ ಬೀಳುವ ಇರುವೆಗಳನ್ನು ಬೆರಳಿನಿಂದ ಮೆಲ್ಲಗೆ ಆಚೆ ಸರಿಸುತ್ತಾ ಕುಳಿತಳು. ತುಂಗಾ ಆ ಪರೀಕ್ಷೆಯಲ್ಲಿ ಮೊದಲಿಗಳೇನೂ ಆಗಲಿಲ್ಲ, ಇಂಗ್ಲಿಷಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಹೇಗೋ ದಡ ಸೇರಿದಳು. ದಿನಕರನೂ ಪಾಸಾದ.

ಅದೇ ದಿನಕರ, ಕೆಲವು ದಿನಗಳ ಮೇಲೆ, ಕಡವಿನಲ್ಲಿ ಅತ್ತೆಯ ಕಾಲು ಪಾಚಿಯ ಮೇಲೆ ಜಾರಿದಾಗ ತಟ್ಟನೆ ಅವಳ ಕೈ ಹಿಡಿದು ನಿಲ್ಲಿಸಿದ. ಪರರು ಮುಟ್ಟಿದರೆ ಮನೆಗೆ ಹೋಗಿ ಮತ್ತೆ ಮೀಯಬೇಕಾದ ಹೆಂಗಸು. ಹುಡುಗ ಹೆದರಿ ಕೈ ಬಿಟ್ಟ. ಅತ್ತೆ ಸೆರಗು ಸರಿಮಾಡಿಕೊಂಡು, "ಹಾಂಗೇ ಬಿಟ್ರೆ ಬೀಳ್ತಿಲ್ಯನಾ ಮಾಣಿ? ದೋಣಿ ವರೆಗೆ ಹಿಡ್ಕೊ," ಎಂದಳು. ಪರೀಕ್ಷೆ ಮುಗಿದ ಮೇಲೂ ಹಲಸಿನ ಬುಡದಲ್ಲೇ ಕೂರುತ್ತಿದ್ದ ಅವಳು ಮರುದಿನದಿಂದ ಮೊದಲಿನ ಜಾಗದಲ್ಲೇ, ಬಾಗಿಲ ಪಕ್ಕವೇ ಕುಳಿತಳು. ಹುಡುಗರು ಅವಳ ಪಕ್ಕದಿಂದಲೇ ಒಳಗೆ ಹೋದರು.

ದೀಪಾವಳಿ ಕಳೆದ ಮೇಲೆ ಐತಾಳರು ಊಟದ ಹೊತ್ತಿನಲ್ಲಿ ಮಾತೆತ್ತಿದರು. "ತುಂಗಾ, ದಾರಿ ಎಲ್ಲ ಅಭ್ಯಾಸ ಆಯ್ತಲೆ. ಇನ್ ಒಬ್ಳೇ ಹೋಗ್. ಅಕ್ಕಂಗೆ ಎಂತಕೆ ದಿನಾ ಕಷ್ಟ?"

ಬಡಿಸುತ್ತಿದ್ದ ಅತ್ತೆಯ ಕೈ ಅಲ್ಲಿಯೇ ನಿಂತಿತು. ಸಾರಿನ ಸೌಟು ತುಂಗಾಳ ಎಲೆಯ ಮೇಲೆ ಸುಮ್ಮನೆ ತೊಟ್ಟಿಕ್ಕಿತು. "ಹೌದ್, ಅವ್ಳಿಗೆ ಗೊತ್ತಾಯ್ತ್," ಎಂದಳು ಅತ್ತೆ, ಒಲೆಯ ಕಡೆ ತಿರುಗಿ.

ನಿಜಕ್ಕೂ ತುಂಗಾಗೆ ಯಾವ ಹೆದರಿಕೆಯೂ ಉಳಿದಿರಲಿಲ್ಲ. ಆದರೆ ಅವಳು ತಲೆ ತಗ್ಗಿಸಿ ಹೇಳಿದಳು: "ಅಪ್ಪಯ್ಯ, ಅತ್ತೆ ಇಲ್ದಿದ್ರೆ ನಂಗೆ ದೋಣಿ ಹತ್ತೂಕೆ ಹೆದ್ರಿಕೆ."

ಐತಾಳರು ನಕ್ಕರು. "ಇಷ್ಟ್ ಓದಿಯೂ ಹೆದ್ರಿಕೆ ಹೋಯ್ಲಿಲ್ಯಾ? ಆಯ್ತ್, ಇಬ್ರೂ ಹೋಯ್ನಿ."

ಒಲೆಯ ಹತ್ತಿರ ಅತ್ತೆ ಬೆಂಕಿ ಊದುತ್ತಿದ್ದಳು, ಬೆಂಕಿ ಚೆನ್ನಾಗಿಯೇ ಉರಿಯುತ್ತಿದ್ದರೂ.

ಹೀಗೆ ಇಂಟರ್ ಮುಗಿಯುವವರೆಗೂ ಇಬ್ಬರೂ ಹೊಳೆ ದಾಟಿದರು. ಮುಂದೆ ತುಂಗಾ ಬೈಂದೂರಿನಲ್ಲಿ ಟೀಚರಾದಳು, ಮದುವೆಯಾದಳು, ಮಕ್ಕಳಾದವು. ಮಾಬುಕಳಕ್ಕೆ ಸೇತುವೆ ಬಂತು. ವನಜತ್ತೆ ಹಣ್ಣುಹಣ್ಣಾಗಿ, ಮನೆಗೆ ಬಂದವರನ್ನು ಕೂರಿಸಿಕೊಂಡು ಕತೆ ಹೇಳುವ ಮುದುಕಿಯಾದಳು. ಯಾವ ಕತೆಯಾದರೂ ಸರಿ, ಅವಳು ಶುರುಮಾಡುತ್ತಿದ್ದದ್ದು ಒಂದೇ ಮಾತಿನಿಂದ: "ನಾವ್ ಕಾಲೇಜಿಗೆ ಹೋಪ ಹೊತ್ತಿಗೆ..."

ಕೇಳುವವರು ತುಂಗಾಳ ಮುಖ ನೋಡುತ್ತಿದ್ದರು. ತುಂಗಾ ಹೌದೆಂದು ತಲೆಯಾಡಿಸುತ್ತಿದ್ದಳು.