ಒಳಬಂದವರು

ಪಾದ್ರಿಗಳೇ ಹೋಗಿ ಚಿಲಕ ಹಾಕಿ ಬಂದರು. ಮೊದಲ ಹಾಡು ಮುಗಿದ ಕೂಡಲೇ ಚರ್ಚಿನ ಬಾಗಿಲು ಮುಚ್ಚಬೇಕು, ತಡವಾಗಿ ಬಂದವರು ಹೊರಗೆ. ಅದು ಅಲ್ಲಿಯ ಕ್ರಮ. ಇಷ್ಟು ವರ್ಷ ಆ ಕೆಲಸ ಮಾಡಿದವನು ಈಗ ಪೀಠದ ಮುಂದೆ ಪೆಟ್ಟಿಗೆಯಲ್ಲಿ ಮಲಗಿದ್ದ.

ಮುಂದಿನ ಬೆಂಚಿನಲ್ಲಿ ಅವನ ಹೆಂಡತಿ, ಪಕ್ಕದಲ್ಲಿ ಅವನ ತಂಗಿ. ಹಿಂದೆ ನಾಲ್ಕಾರು ನೆರೆಯವರು.

"ಇರೋದೇ ಇಷ್ಟು ಜನ," ತಂಗಿ ಗೊಣಗಿದಳು. "ಇದಕ್ಕೆ ಚಿಲಕ ಬೇರೆ ಕೇಡು. ಯಾರು ನುಗ್ತಾರೆ ಅತ್ತಿಗೆ?"

ಅತ್ತಿಗೆ ಪಾದ್ರಿಗಳತ್ತ ಬಾಗಿದಳು. "ಅಯ್ಯನವರೇ, ಸತ್ತವರಿಗೆಲ್ಲ ಹೇಳೋ ಹಾಗೆ ಇವರಿಗೂ 'ಕರ್ತನಲ್ಲಿ ನಿದ್ರೆ ಹೋದರು' ಅಂತ ಒಂದು ಮಾತು ಹೇಳಿಬಿಡಿ. ಇಲ್ದಿದ್ರೆ ಅವರು ಹೊರಗೇ ಉಳಿದ ಹಾಗಲ್ವಾ?"

"ಕ್ಷಮೆ ಕೇಳದೆ ಹೋದವರಿಗೆ ಹೇಗಮ್ಮಾ ಹೇಳಲಿ?"

"ಕರ್ತ ಎಲ್ಲರಿಗಾಗಿ ಸತ್ತ ಅಂತೀರಲ್ಲ."

"ಎಲ್ಲರಿಗಾಗೇ. ಆದ್ರೆ ಬಾಗಿಲು ಪಶ್ಚಾತ್ತಾಪ ಪಟ್ಟವರಿಗೆ ಮಾತ್ರ." ಪಾದ್ರಿಗಳ ದನಿ ಗಡುಸಾಗಿರಲಿಲ್ಲ. ಅವಳ ತುಟಿ ಒಣಗಿದ್ದನ್ನು ನೋಡಿ ತಾವೇ ಒಂದು ಲೋಟ ನೀರು ತಂದುಕೊಟ್ಟರು.

*

ಗಂಡ ಎಲ್ಲರಿಗೂ ಕೇಳುವಂತೆ ಚಿಲಕ ಹಾಕುತ್ತಿದ್ದ. ತಲೆಗಳು ಮುಂದಕ್ಕೆ ತಿರುಗಿದ ಮೇಲೆ ಸದ್ದಿಲ್ಲದೆ ಸರಿಸಿಬಿಡುತ್ತಿದ್ದ. ಅವಳಿಗದು ಗೊತ್ತಿತ್ತು. ಕಳೆದ ವಾರ, ಸಭೆಯಿಂದ ಹೊರಗಿಟ್ಟಿದ್ದ ಕುಡುಕನೊಬ್ಬ ಪ್ರಾರ್ಥನೆಯ ನಡುವೆ ಒಳಬಂದು ಗಟ್ಟಿಯಾಗಿ ಅತ್ತ. ಗುಟ್ಟು ರಟ್ಟಾಯಿತು. ಕ್ಷಮೆ ಕೇಳುವವರೆಗೆ ಚರ್ಚಿಗೆ ಬರಬೇಡ ಎಂದು ಪಾದ್ರಿಗಳು ಗಂಡನಿಗೆ ಹೇಳಿದರು.

"ತಪ್ಪಾಯ್ತು ಅಂದ್ಬಿಡಿ, ಏನು ಗಂಟು ಹೋಗತ್ತೆ?" ಎಂದಿದ್ದಳು.

"ಅವನು ಒಳಗೆ ಬಂದಿದ್ದಕ್ಕೆ ನಾನು ತಪ್ಪಾಯ್ತು ಅನ್ಲಾ? ಬಾಗಿಲಾಚೆ ನಿಂತವರ ಉಸಿರು ನಂಗೆ ಕೇಳ್ಸುತ್ತೆ ಕಣೆ. ಎಷ್ಟು ಜನ ಇದಾರೆ ಗೊತ್ತಾ? ಸತ್ತವರೂ ಇದಾರೆ."

ಭಾನುವಾರ ಬರುವ ಮೊದಲೇ ತೀರಿಕೊಂಡ.

*

ಪಾದ್ರಿಗಳ ಬೈಬಲ್ ವಾಚನದ ನಡುವೆ ಹಿಂದುಗಡೆ ಚಿಲಕ ಸರಿಯಿತು. ಬಾಗಿಲು ಒಂದು ಗೇಣು ತೆರೆಯಿತು. ಯಾರೂ ಕಾಣಲಿಲ್ಲ. ಕಡೆಯ ಬೆಂಚು ಭಾರ ಬಿದ್ದಂತೆ ಕಿರುಗುಟ್ಟಿತು. ಅದರ ಮುಂದಿನದು. ಅದರ ಮುಂದಿನದು.

"ಗಾಳಿ," ಎಂದಳು ತಂಗಿ. ಮೇಣದ ಬತ್ತಿಗಳು ಅಲುಗದೆ ಉರಿಯುತ್ತಿದ್ದವು.

"ಸ್ವಲ್ಪ ಜರುಗು ತಾಯಿ," ಹೆಂಡತಿ ನಾದಿನಿಯನ್ನು ಒತ್ತಿದಳು.

"ಬೇಕಾದಷ್ಟು ಜಾಗ ಇದೆಯಲ್ಲ ಅತ್ತಿಗೆ!"

"ಪಾಪ, ನಿಂತೇ ಇದಾರೆ."

ಬಾಗಿಲು ಹಾಕಲು ಹೊರಟ ಪಾದ್ರಿಗಳು ಅರ್ಧ ದಾರಿಯಲ್ಲಿ ಯಾರಿಗೋ ತಾಗಿದವರಂತೆ ಪಕ್ಕಕ್ಕೆ ಸರಿದರು. ಮತ್ತೆ ಸರಿದರು. ಬಾಗಿಲು ತಲುಪುವಷ್ಟರಲ್ಲಿ ಅವರ ಮುಖ ಬಿಳುಚಿಕೊಂಡಿತ್ತು. ಚಿಲಕ ಮುಟ್ಟಲಿಲ್ಲ. ಬಾಗಿಲನ್ನು ಪೂರ್ತಿ ತೆರೆದು ಹಿಡಿದರು.

"ಕರ್ತನಲ್ಲಿ ನಿದ್ರೆ ಹೋದರು," ಎಂದರು ಪೆಟ್ಟಿಗೆಯ ಕಡೆ ನೋಡಿ. ಆಮೇಲೆ ಖಾಲಿ ಹೊಸ್ತಿಲಿಗೆ ತುಸು ತಲೆಬಾಗಿ, ಮತ್ತೊಮ್ಮೆ ಅದೇ ಮಾತು. ಮತ್ತೊಮ್ಮೆ. ಬೆನ್ನನ್ನು ಗೋಡೆಗೆ ಒತ್ತಿ, ಹೊಟ್ಟೆ ಒಳಗೆಳೆದುಕೊಂಡು, ನೂಕುನುಗ್ಗಲಿನಲ್ಲಿ ದಾರಿ ಬಿಡುವವರ ಹಾಗೆ ನಿಂತೇ ಇದ್ದರು.