ಸ್ವಾಗತದ ಗುಂಡು

ನದಿಯ ತಿರುವಿನಲ್ಲಿ ಎರಡು ಗುಂಡು ಹಾರಿದವು. ನೀಪಿಯ ಅಪ್ಪ ಬಂದೇಬಿಟ್ಟಿದ್ದ.

ಚಳಿಗಾಲದ ಬೇಟೆಯ ತೊಗಲು ತುಂಬಿಕೊಂಡು ಅವಳ ತವರಿನ ಕ್ರೀ ಬುಡಕಟ್ಟಿನ ಜನ ಬಿಳಿಯರ ವ್ಯಾಪಾರದ ಕೋಠಿಗೆ ಬರುವಾಗ ದೂರದಿಂದಲೇ ಸೀಸ ಹಾಕದೆ ಬರಿ ಮದ್ದು ಹಾರಿಸುತ್ತಾರೆ. ಕೋಠಿಯವರೂ ಬರಿ ಮದ್ದು ಹಾರಿಸಿ ಬರಮಾಡಿಕೊಳ್ಳಬೇಕು. ಆಮೇಲೆ ತಬ್ಬುವುದು, ಒಂದೇ ಚಿಲುಮೆಯನ್ನು ಬಾಯಿಂದ ಬಾಯಿಗೆ ದಾಟಿಸುವುದು. ಈ ವರ್ಷ ಅದಾಗಕೂಡದಿತ್ತು. ನದಿಯ ಕೆಳಗಿನಿಂದ ಬಂದ ದೋಣಿಯಾಳುಗಳ ಜೊತೆ ಸಿಡುಬೂ ಬಂದಿತ್ತು. ಅವಳ ಮಗ ಆಂಗಸ್ ಮೈತುಂಬ ಗುಳ್ಳೆ ಎದ್ದು ಒಳಗೆ ನರಳುತ್ತಿದ್ದ.

"ಬಾಗಿಲು ತೆಗೀಬೇಡಿ," ಎಂದಳು ಗಂಡನಿಗೆ.

ಕೋಠಿಯ ಯಜಮಾನ ಮ್ಯಾಗ್ನಸ್ ನಕ್ಕ. "ತೆಗೀದಿದ್ರೆ ತೊಗಲೆಲ್ಲ ನದಿ ಮೇಲಿನ ಕೋಠಿಯವರ ಪಾಲು. ಸಿಡುಬು ಚಿಕ್ಕೋನಿದ್ದಾಗ ನಂಗೂ ಬಂದಿತ್ತು ಕಣೇ. ಸತ್ನಾ?"

ಅವನ ಮುಖದ ತುಂಬ ಹಳೆಯ ಕಲೆಗಳು. ಅಪ್ಪನ ಮುಖದಲ್ಲಿ ಒಂದೂ ಇಲ್ಲ. ತಾನು ಬದುಕಿದರೆ ಊರೆಲ್ಲ ಬದುಕೀತು ಎನ್ನುವವನಿಗೆ ಏನು ಹೇಳುವುದು? ಅಪ್ಪನಿಗೇ ಕೂಗಿ ಹೇಳೋಣವೆಂದರೆ, ಮೊಮ್ಮಗನಿಗೆ ಕಾಯಿಲೆ ಎಂದು ಕೇಳಿದ ಮೇಲೆ ಆ ಮುದುಕ ನಿಲ್ಲುವವನೇ ಅಲ್ಲ, ನೀರಿಗೆ ಹಾರಿಯಾದರೂ ಬಂದಾನು.

ಮ್ಯಾಗ್ನಸ್ ಅಗಳಿ ತೆಗೆಯಲು ಹೊರಟ. ನೀಪಿ ಕಾವಲು ಅಟ್ಟಣೆ ಹತ್ತಿ, ಅಲ್ಲಿದ್ದ ಕೋವಿಗೆ ಮದ್ದು ಸುರಿದಳು. ಮೇಲೆ ಸೀಸದ ಗುಂಡನ್ನೂ ಜಡಿದಳು.

ಮೊದಲ ದೋಣಿಯ ಮುಂತುದಿಯಲ್ಲಿ ಅವಳಪ್ಪ ಕೀಸಿಕಾವ್ ನಿಂತಿದ್ದ. ಮೊಲದ ತುಪ್ಪಳದ ಪುಟ್ಟ ಟೋಪಿಯೊಂದನ್ನು ಎತ್ತಿ ಆಡಿಸಿದ. "ಮಗಳೇ! ಎಲ್ಲೇ ನನ್ನ ಕರಡಿಮರಿ? ಕರ್ಕೊಂಡು ಬಾರೇ!"

ನೀಪಿ ಹಲ್ಲು ಕಚ್ಚಿ ಗುಂಡು ಹೊಡೆದಳು. ದೋಣಿಯ ಮೂತಿಯ ಮುಂದೆಯೇ ನೀರು ಚಿಮ್ಮಿತು. ಹುಟ್ಟು ಹಾಕುತ್ತಿದ್ದವರ ಕೈ ನಿಂತಿತು.

"ನೀಪಿ! ನಾನು ಕಣೇ, ನಿಮ್ಮಪ್ಪ!"

ಅವಳು ಮತ್ತೆ ಮದ್ದು ತುಂಬಿದಳು. ಕಣ್ಣು ಮಂಜಾಗಿ ಅರ್ಧ ಮದ್ದು ಹಲಗೆಯ ಮೇಲೆ ಚೆಲ್ಲಿತು. ಈ ಸಲ ನೇರ ಅವನೆದೆಗೇ ಗುರಿಯಿಟ್ಟಳು.

ಮುದುಕ ಅವಳನ್ನೇ ನೋಡಿದ. "ಬಿಳಿಯರ ಅನ್ನ ತಿಂದು ಹೆತ್ತೋರನ್ನೇ ಮರೆತ್ಯಾ? ಆಯ್ತು. ನನಗೆ ಮಗಳಿಲ್ಲ." ಟೋಪಿಯನ್ನು ನೀರಿಗೆಸೆದ.

ದೋಣಿಗಳು ಸಿಡುಬು ಇನ್ನೂ ತಲುಪದ ಮೇಲಿನ ಕೋಠಿಯ ಕಡೆ ತಿರುಗಿದವು. ಕೊನೆಯದು ಮರೆಯಾಗುವ ತನಕ ಅವಳು ಕೋವಿ ಇಳಿಸಲಿಲ್ಲ. ಕೆಳಗೆ ಮ್ಯಾಗ್ನಸ್ "ಮನೆಹಾಳಿ!" ಎಂದು ಬೈಯುತ್ತಲೇ ಇದ್ದ.

ಒಳಗೆ ಮಗುವಿನ ರೆಪ್ಪೆಗಳು ಕೀವಿನಿಂದ ಅಂಟಿಕೊಂಡಿದ್ದವು. "ಅಮ್ಮಾ, ಗುಂಡು ಕೇಳಿಸ್ತು. ತಾತ ಬಂದ್ನಾ?"

"ಬಂದಿದ್ದ ಕಂದ."

"ನಾವೂ ಹಾರಿಸಿದ್ವಾ?"

ನೀಪಿ ಅವನ ಬಿಸಿ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದಳು.

"ಹೂಂ ಕಂದ. ನಾನೇ ಹಾರಿಸಿದೆ."