ಬೇಲಿಯ ಹೊರಗಿನ ಕಾರಣ

“ಎತ್ಬೇಡಿ. ಇನ್ನೂ ಅರ್ಧ ಗಂಟೆ ಇದೆ,” ಎಂದು ಟೈಲರು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತುಬಿಟ್ಟರು.

ಹೆಗಲು ಕೊಡಲು ಬಗ್ಗಿದ್ದ ನಾಲ್ವರೂ ಬಗ್ಗಿದಲ್ಲೇ ಒಬ್ಬರ ಮುಖ ಒಬ್ಬರು ನೋಡಿದರು. ನಡುಮನೆಯ ಮಂಚದ ಮೇಲೆ ಟೈಲರ ಹೆಂಡತಿ ಮಲಗಿದ್ದರು. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಊರಿಗೆಲ್ಲ ಮಳೆ ಮೇಡಂ. ನಿನ್ನೆ ಸಂಜೆ ಕುರ್ಚಿಯಲ್ಲಿ ಕೂತು ಪತ್ರಿಕೆ ಓದುತ್ತಿದ್ದವರು ಕೂತಲ್ಲೇ ಹೋಗಿದ್ದರು. ಯಾರಿಗೂ ಒಂದು ಲೋಟ ನೀರಿನ ತೊಂದರೆ ಕೊಟ್ಟಿರಲಿಲ್ಲ.

“ಅಪ್ಪಾ, ವ್ಯಾನಿನವರು ಆಗ್ಲೇ ಎರಡು ಸಲ ಹಾರ್ನ್ ಮಾಡಿದ್ರು,” ಎಂದಳು ಮಗಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಹಟ ಹಿಡಿದ ಮುದುಕರನ್ನು ಸಂಭಾಳಿಸುವುದೇ ಅವಳ ಕೆಲಸ, ಆದರೆ ಈ ಮುದುಕರೊಬ್ಬರು ಮಾತ್ರ ಅವಳ ಕೈಗೆ ಸಿಕ್ಕಿದ್ದಿಲ್ಲ.

“ಮೂರನೇ ಸಲಾನೂ ಮಾಡ್ಲಿ. ನಿಮ್ಮಮ್ಮ ಎಂಟೂವರೆಗೆ ಮುಂಚೆ ಈ ಮನೆ ಬಿಟ್ಟು ಹೊರಟಿದ್ದು ಯಾವತ್ತಾದ್ರೂ ನೋಡಿದ್ದೀಯಾ? ನಮ್ಮ ಮದುವೆ ದಿನಾನೂ ಹೊರಟಿರ್ಲಿಲ್ಲ. ಇವತ್ತು ಹೊರಡಿಸ್ತೀಯಾ?”

ಅದು ನಿಜ. ಹಿತ್ತಿಲಲ್ಲಿ ತಂತಿ ಬೇಲಿಯೊಳಗೆ ಒಂದು ಬಿಳಿ ಮರದ ಪೆಟ್ಟಿಗೆ, ಅದರೊಳಗೆ ನಾಲ್ಕು ಉಷ್ಣಮಾಪಕ, ಪಕ್ಕದಲ್ಲಿ ಒಂದು ಮಳೆಮಾಪಕ. ಹವಾಮಾನ ಕಚೇರಿಯವರು ಐವತ್ತು ವರ್ಷದ ಹಿಂದೆ ಅವನ್ನು ನೆಟ್ಟುಹೋದ ದಿನದಿಂದ ಮೇಡಂ ಬೆಳಿಗ್ಗೆ ಎಂಟೂವರೆಯ ಅಳತೆ ತಪ್ಪಿಸಿದವರಲ್ಲ. ಮದುವೆಯಾದಾಗ, ಉಪಕರಣ ಜಾಗ ಬಿಟ್ಟು ಕದಲಿದರೆ ಲೆಕ್ಕ ಕೆಡುತ್ತದೆ ಎಂದರು. ಹಾಗಾಗಿ ಗಂಡನೇ ಹೊಲಿಗೆ ಯಂತ್ರ ಹೊತ್ತುಕೊಂಡು ಈ ಮನೆಗೆ ಕದಲಿದರು. ಮನೆಯಳಿಯ ಎಂದು ಯಾರಾದರೂ ಛೇಡಿಸಿದರೆ, “ನಾನು ಮಳೆಯಳಿಯ” ಎನ್ನುತ್ತಿದ್ದರು.

ಹಿತ್ತಿಲ ಬಾಗಿಲಲ್ಲಿ ಹವಾಮಾನ ಕಚೇರಿಯ ಅಧಿಕಾರಿ ನಿಂತಿದ್ದರು. ಇವತ್ತು ವಿಶ್ವ ಹವಾಮಾನ ದಿನ. ಕಚೇರಿಯ ಸಮಾರಂಭಕ್ಕೆಂದು ಅಂಗಿಗೆ ಚುಚ್ಚಿಕೊಂಡಿದ್ದ ಬಿಲ್ಲೆಯನ್ನು ತೆಗೆಯಲೂ ಪುರಸೊತ್ತಿಲ್ಲದೆ ನೇರ ಇಲ್ಲಿಗೆ ಓಡಿಬಂದಿದ್ದರು. ಅವರ ಚೀಲದಲ್ಲಿ ಒಂದು ಹೊಸ ಬೀಗವಿತ್ತು.

“ಇವತ್ತಿನ ಅಳತೆ ನಾನೇ ತಗೋತೀನಿ ಯಜಮಾನ್ರೇ. ಪುಸ್ತಕದಲ್ಲಿ ಸಾಲು ಖಾಲಿ ಬಿಡಲ್ಲ,” ಎಂದರು ಅಧಿಕಾರಿ. “ಆದ್ರೆ ಆಮೇಲೆ ಬೇಲಿಗೆ ಬೀಗ ಹಾಕ್ಲೇಬೇಕು. ಓದಕ್ಕೆ ಗೊತ್ತಿರೋರು ಇಲ್ಲ ಅಂದ್ರೆ ಕೇಂದ್ರ ಮುಚ್ಚಿ ಅಂತ ನಿಯಮ.”

“ನಾನಿದ್ದೀನಲ್ಲ.”

“ನೀವಾ?” ಅಧಿಕಾರಿಯ ಬಾಯಿಂದ ನಗು ಜಾರಿಬಿಟ್ಟಿತು. ಸಾವಿನ ಮನೆ ಎಂದು ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದರು. “ಕ್ಷಮಿಸಿ. ನೀವು ನಮ್ಮ ಕಚೇರೀಲಿ ತುಂಬಾ ಹೆಸರುವಾಸಿ.”

*

ಮದುವೆಯಾದ ಹೊಸತು. ಎಪ್ಪತ್ತೊಂದು ದಿನ ಮಳೆಯಿಲ್ಲ. ಮೇಡಂ ದಿನಾ ಬೆಳಿಗ್ಗೆ ಹೋಗಿ ಒಣ ಮಳೆಮಾಪಕ ನೋಡಿ ಬಂದು ಸೊನ್ನೆ ಬರೆಯುತ್ತಿದ್ದರು. ಸೊನ್ನೆ ಬರೆದ ಮೇಲೆ ಊಟ ಸೇರುತ್ತಿರಲಿಲ್ಲ. ಟೈಲರಿಗೆ ಹೆಂಡತಿಯ ಬಾಡಿದ ಮುಖ ನೋಡಲಾಗಲಿಲ್ಲ. ಎಪ್ಪತ್ತೆರಡನೆಯ ಬೆಳಿಗ್ಗೆ, ಹೆಂಡತಿ ಸ್ನಾನಕ್ಕೆ ಹೋದ ಸಮಯ ನೋಡಿ, ಎರಡು ಲೋಟ ನೀರನ್ನು ಸದ್ದಿಲ್ಲದೆ ಮಳೆಮಾಪಕಕ್ಕೆ ಸುರಿದು ಬಂದರು.

ಎಂಟೂವರೆಗೆ ಮೇಡಂ ಅಳತೆ ಗಾಜು ಎತ್ತಿ ನೋಡಿದರು. ಹದಿನೆಂಟು ಮಿಲಿಮೀಟರು! ಆಕಾಶ ನೋಡಿದರು. ಒಂದು ಚೂರು ಮೋಡವಿಲ್ಲ. ನೆಲ ನೋಡಿದರು. ಬೂದಿಯಷ್ಟು ಒಣಗಿತ್ತು. ಆಮೇಲೆ ಗಂಡನನ್ನು ನೋಡಿದರು. ಟೈಲರು ಹೊಲಿಗೆ ಯಂತ್ರದ ಮುಂದೆ ಕೂತು, ದಾರವೇ ಇಲ್ಲದ ಸೂಜಿಯಲ್ಲಿ ಭರದಿಂದ ಹೊಲಿಯುತ್ತಿದ್ದರು.

“ಏನ್ರೀ ಇದು?”

“ಮಳೆ ಬಂತಾ?” ಎಂದರು ಟೈಲರು, ಏನೂ ಅರಿಯದವರಂತೆ.

ಮೇಡಂ ಹಿತ್ತಿಲ ಮೆಟ್ಟಿಲ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು ಪುಸ್ತಕ ತೆರೆದು, ಇದ್ದದ್ದನ್ನು ಇದ್ದ ಹಾಗೆ ಬರೆದರು: ‘ಮಳೆಮಾಪಕದಲ್ಲಿ ನೀರು. ಕಾರಣ: ಗಂಡ. ಇಂದಿನ ಅಳತೆ ಇಲ್ಲ.’

“ಹಾಗೆಲ್ಲಾ ಬರೀತಾರೇನೇ? ಮಾನ ಹೋಗುತ್ತೆ!”

“ಕಂಡಿದ್ದನ್ನ ಬರೀಬೇಕು ರೀ. ನನಗೆ ಕಂಡಿದ್ದು ನೀವೇ.”

ತಿಂಗಳಾದ ಮೇಲೆ ಕಚೇರಿಯಿಂದ ಮುದ್ರೆಯೊತ್ತಿದ ಉತ್ತರ ಬಂತು: ‘ಸದರಿ ಕಾರಣವನ್ನು ಇನ್ನು ಮುಂದೆ ಬೇಲಿಯ ಹೊರಗೆ ಇಡತಕ್ಕದ್ದು.’

ಮೇಡಂ ಅದನ್ನು ಅಕ್ಷರಶಃ ಪಾಲಿಸಿದರು. ಪ್ರತಿ ವರ್ಷ ಹವಾಮಾನ ದಿನದಂದು ಶಾಲೆಯ ಮಕ್ಕಳೆಲ್ಲ ಸಾಲಾಗಿ ಬೇಲಿಯೊಳಗೆ ಹೋಗಿ ಉಪಕರಣ ಮುಟ್ಟಿ ನೋಡಿ ಬರುತ್ತಿದ್ದರು. ಟೈಲರು ಹೊರಗೆ ನಿಂತು ಮಕ್ಕಳ ಚೀಲ ಕಾಯುತ್ತಿದ್ದರು. ಹೀಗೆ ನಲವತ್ತನಾಲ್ಕು ವರ್ಷ ಕಳೆಯಿತು.

*

“ಹೊಸಬರಿಗೆ ತರಬೇತಿ ಕೊಡುವಾಗ ಮೊದಲನೇ ಪಾಠ ‘ಕಾರಣ: ಗಂಡ’ ಅನ್ನೋ ಆ ಸಾಲೇ,” ಎಂದರು ಅಧಿಕಾರಿ. “ಪ್ರಾಮಾಣಿಕವಾಗಿ ಬರೆಯೋದು ಹೇಗೆ ಅನ್ನೋದಕ್ಕೆ.”

ನಡುಮನೆಯಲ್ಲಿ ಯಾರೋ ಕಿಸಕ್ಕೆಂದರು. ಇಡೀ ಮನೆಗೇ ನಗು ಹರಡಿತು. ಬೆಳಗಿನಿಂದ ಅತ್ತೂ ಅತ್ತೂ ಮೂಗು ಕೆಂಪಾಗಿದ್ದ ಪಕ್ಕದ ಮನೆಯಾಕೆಯೂ ನಕ್ಕರು. ಟೈಲರು ಮಾತ್ರ ನಗಲಿಲ್ಲ.

“ಸಾರ್, ನಲವತ್ನಾಲ್ಕು ವರ್ಷ ಬೇಲಿ ಆಚೆ ನಿಂತು ನೋಡಿದ್ದೀನಿ. ಒಂದೇ ಒಂದು ಸಲ ಒಳಗೆ ಬಿಡಿ. ತಪ್ಪಾದ್ರೆ ನಿಮ್ಮ ಬೀಗ ನೀವು ಹಾಕಿ, ನಾನು ತುಟಿ ಪಿಟಕ್ ಅನ್ನಲ್ಲ. ಸರಿಯಾದ್ರೆ...” ಅವರು ಹಿತ್ತಿಲ ಕಡೆ ನೋಡಿದರು. “ಬೆಳಿಗ್ಗೆ ಎದ್ರೆ ಈ ಮನೇಲಿ ನಡೆಯೋದು ಇದೊಂದೇ. ಇದೂ ನಿಂತ್ರೆ ನಾನು ಏನಕ್ಕೆ ಏಳಲಿ?”

ಅಧಿಕಾರಿ ಬೀಗವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. “ಸರಿ. ಮೊದಲು ನಾನು ಓದಿ ಚೀಟೀಲಿ ಬರ್ಕೋತೀನಿ. ಆಮೇಲೆ ನೀವು ಓದಿ. ಎರಡೂ ಪಕ್ಕ ಪಕ್ಕ ಇಟ್ಟು ನೋಡೋಣ.”

ಸುದ್ದಿ ಬೀದಿಗೆ ಮುಟ್ಟಿತು. ಹೆಗಲು ಕೊಡುವ ನಾಲ್ವರು ಮಂಚದ ಬಳಿ ಉಳಿದರು, ಮಿಕ್ಕವರೆಲ್ಲ ಹಿತ್ತಿಲಿಗೆ ಬಂದರು. ವ್ಯಾನಿನ ಡ್ರೈವರು ಇಂಜಿನ್ ಚಾಲೂ ಬಿಟ್ಟೇ ಇಳಿದು ಬಂದು, “ಏನಂತೆ, ಏನಂತೆ?” ಎಂದು ಕೇಳುತ್ತ ಮುಂದಿನ ಸಾಲಿಗೆ ನುಗ್ಗಿದ. ಬೆಳಗಿನ ಜಾವ ಒಂದು ಸಣ್ಣ ಮಳೆ ಬಿದ್ದು ನಿಂತಿತ್ತು. ಸರಿಯಾಗಿ ಎಂಟೂವರೆಗೆ ಅಧಿಕಾರಿ ಬೇಲಿಯೊಳಗೆ ಹೋಗಿ ಓದಿದರು, ಮಳೆಯ ನೀರನ್ನು ಅಳೆದು ಮತ್ತೆ ಮಳೆಮಾಪಕಕ್ಕೇ ಸುರಿದು ಹೊರಗೆ ಬಂದರು. ಅವರು ಚೀಟಿ ಮಡಚುವ ಮೊದಲೇ ಮಗಳು ಹೆಗಲ ಮೇಲಿಂದ ಇಣುಕಿ ಎಲ್ಲ ನೋಡಿಕೊಂಡಿದ್ದಳು.

ಟೈಲರು ಒಳಗೆ ಹೋಗಿ ಬಾಗಿಲೆಳೆದುಕೊಂಡರು. ಕೊಂಡಿ ಖಟ್ ಎಂದು ಬಿತ್ತು. ಪೆಟ್ಟಿಗೆಯ ಮುಂದೆ ಮಂಡಿ ಬಗ್ಗಿಸಿ, ಕಣ್ಣನ್ನು ಪಾದರಸದ ಮಟ್ಟಕ್ಕೆ ತಂದು, ಉಸಿರು ಬಿಗಿ ಹಿಡಿದರು. ಉಸಿರಿನ ಬಿಸಿಗೂ ಅಳತೆ ಏರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಓದಿ ಆದಮೇಲೆ ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಬಿಟ್ಟು, ಎಡಗೈಯಿಂದ ಸೊಂಟ ಒತ್ತಿಕೊಂಡು “ಹೂಂ” ಎಂದರು.

ಮಗಳ ಕಣ್ಣು ತುಂಬಿತು. ಸೊಂಟ ಒತ್ತಿಕೊಳ್ಳುವುದೂ “ಹೂಂ” ಎನ್ನುವುದೂ ಯಾವ ನಿಯಮದಲ್ಲೂ ಇಲ್ಲ. ಅದು ಅಮ್ಮನ ಅಭ್ಯಾಸ.

“ಇಪ್ಪತ್ನಾಲ್ಕು ಪಾಯಿಂಟ್ ಆರು,” ಎಂದು ಟೈಲರು ಕೂಗಿದರು. ಅಧಿಕಾರಿ ತಲೆಯಾಡಿಸಿದರು. ಉಳಿದ ಮೂರೂ ಸರಿಯಾದವು. ಅರ್ಧ ಇಂಚಿಗೆ ಜೀವಮಾನವಿಡೀ ಗಿರಾಕಿಗಳಿಂದ ಬೈಸಿಕೊಂಡ ಕಣ್ಣುಗಳು ಗೆರೆ ತಪ್ಪಲಿಲ್ಲ.

ಉಳಿದದ್ದು ಮಳೆ. ಮಳೆಮಾಪಕದ ನೀರನ್ನು ಅಳತೆ ಗಾಜಿಗೆ ಬಗ್ಗಿಸಿಕೊಂಡರು. ಇಷ್ಟು ಹೊತ್ತು ತಡೆದಿದ್ದ ಅಳು ಆಗ ನುಗ್ಗಿ ಬಂತು.

“ಅಯ್ಯೋ, ಅದರೊಳಗೆ ಅಳ್ಬೇಡಿ!” ಪಕ್ಕದ ಮನೆಯಾಕೆ ಕೂಗಿಕೊಂಡರು. “ಅದನ್ನೂ ಬರೀಬೇಕಾಗುತ್ತೆ!”

ಟೈಲರು ಅಳುತ್ತಲೇ ನಕ್ಕು, ಮೂಗನ್ನು ತೋಳಿಗೆ ಒರೆಸಿಕೊಂಡು, ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿದರು. ಬಹಳ ಹೊತ್ತು ನೋಡಿದರು. ಅಷ್ಟರಲ್ಲಿ ಮಗಳು ಕೆಮ್ಮಿದಳು. ಅವರು ತಿರುಗಿದರು. ಅವಳು ಎರಡು ಬೆರಳು ತೋರಿಸಿ, ಆಮೇಲೆ ನಾಲ್ಕು ಬೆರಳು ತೋರಿಸಿದಳು. ಅವರು ಮತ್ತೆ ಗಾಜು ನೋಡಿದರು. ಮತ್ತೆ ಮಗಳನ್ನು ನೋಡಿದರು.

“ಎರಡು ಪಾಯಿಂಟ್ ಎರಡು,” ಎಂದರು.

ಮಗಳು ತಲೆ ಚಚ್ಚಿಕೊಂಡಳು. ಅಧಿಕಾರಿ ಚೀಟಿ ಬಿಡಿಸಿದರು. “ನಾನು ಬರೆದಿರೋದು ಎರಡು ಪಾಯಿಂಟ್ ನಾಲ್ಕು.”

ಟೈಲರು ಗಾಜನ್ನು ಇನ್ನೊಮ್ಮೆ ಕಣ್ಣಿಗೆ ಹಿಡಿದರು.

“ಇರಬಹುದು ಸಾರ್. ನನಗೆ ಕಾಣ್ತಿರೋದು ಎರಡು ಪಾಯಿಂಟ್ ಎರಡೇ,” ಎಂದರು ಟೈಲರು. ಮುಖ ಬಿಳುಚಿತ್ತು. “ಬೀಗ ಹಾಕೋದಿದ್ರೆ ಹಾಕಿ. ಇನ್ನೊಂದು ಸಲ ಸುಳ್ಳು ಮಳೆ ತರ್ಸಲ್ಲ ನಾನು.”

ಅಧಿಕಾರಿ ತಂತಿಯ ಮೇಲಿಂದ ಕೈಚಾಚಿ ಗಾಜು ತೆಗೆದುಕೊಂಡು ಕಣ್ಣಿಗೆ ಹಿಡಿದರು. ನಿಧಾನವಾಗಿ ನಗು ಅರಳಿತು. “ಎರಡು ಪಾಯಿಂಟ್ ಎರಡೇ. ನಾನು ವಾಪಸ್ ಸುರಿದಾಗ ಸ್ವಲ್ಪ ಹೊರಗೆ ಚೆಲ್ಲಿದೆ. ನೀವು ನಾಲ್ಕು ಅಂದಿದ್ರೆ ಆಗ ಬೀಗ ಹಾಕ್ತಿದ್ದೆ.” ಅವರು ಬೀಗವನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದರು. “ನಾಳೆ ಅಳತೆ ಆದ್ಮೇಲೆ ನನಗೆ ಫೋನ್ ಮಾಡಿ. ತಡ ಮಾಡ್ಬೇಡಿ.”

ಯಾರೋ ಚಪ್ಪಾಳೆ ತಟ್ಟಿದರು. ಸಾವಿನ ಮನೆಯಲ್ಲಿ ಚಪ್ಪಾಳೆಯೇ ಎಂದು ಯಾರೂ ಕೇಳಲಿಲ್ಲ. ಡ್ರೈವರಂತೂ ಸಿಳ್ಳೆ ಹಾಕಿದ.

ಟೈಲರು ಗಾಜನ್ನು ವಾಪಸ್ ತೆಗೆದುಕೊಂಡು ಒರೆಸಿ ಅದರ ಜಾಗದಲ್ಲಿಟ್ಟು, ಬೇಲಿಯ ಬಾಗಿಲಿಗೆ ಬಂದು ಕೊಂಡಿ ಎಳೆದರು. ಬರಲಿಲ್ಲ. ಮತ್ತೆ ಎಳೆದರು. ಒಳಗಿನಿಂದ ಅದನ್ನು ತೆಗೆಯುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಜನ ಮತ್ತೆ ನಗತೊಡಗಿದರು. ಮಗಳು ನಗುತ್ತ ಹೊರಗಿನಿಂದ ಕೈ ಹಾಕಿದಳು.

“ತಾಳು, ತೆಗೀಬೇಡ,” ಎಂದರು ಟೈಲರು. “ನಾನೇ ಕಲಿತ್ಕೋತೀನಿ. ನಾಳೆ ಆಚೆ ಕಡೆ ಯಾರಿರ್ತಾರೆ?”

ಮಗಳು ಕೈ ಹಿಂದಕ್ಕೆ ತೆಗೆದುಕೊಂಡಳು. ಡ್ರೈವರು ಹೋಗಿ ವ್ಯಾನಿನ ಇಂಜಿನ್ ಆರಿಸಿ ಬಂದ. ಟೈಲರು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕೊಂಡಿಯನ್ನು ಮೇಲೆತ್ತಿ ನೋಡಿದರು, ಆಮೇಲೆ ಕೆಳಗೊತ್ತಿ ನೋಡಿದರು. ಬೇಲಿಯ ಸುತ್ತ ಊರು ಕಾಯುತ್ತ ನಿಂತಿತು. ಒಳಗೆ ನಡುಮನೆಯಲ್ಲಿ ಮಂಚದ ನಾಲ್ಕು ಮೂಲೆಗೆ ಕೈಯಿಟ್ಟುಕೊಂಡು ಆ ನಾಲ್ವರೂ ಕಾಯುತ್ತಿದ್ದರು.